ಕಂಪ್ಯೂಟರ್ ಬೇಗ ಮಲಗಿಬಿಡುತ್ತದೆಯೇ? ತಿಳಿದುಕೊಳ್ಳೋಣ, ಸರಿಪಡಿಸೋಣ



2023ರ ಜುಲೈ ತಿಂಗಳು ನಿಮಗೆಲ್ಲ ನೆನಪಿರಬಹುದು. ಜುಲೈ 19ರಂದು ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಗ್ರಾಮ ಒನ್ ಮತ್ತು ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಮಹಿಳೆಯರ ಸಾಲೇ ಸಾಲು. ಹೊರಗೆ ಆಟಿ ತಿಂಗಳ ಮಳೆ, ಒಳಗೆ ಹೋಗಿ ಬಂದು ಮಾಡುವ ಕರೆಂಟು.

ಬೈಂದೂರು ಕಡೆಯ ಒಂದು ಕೇಂದ್ರದಲ್ಲಿ ಜನರಿಗೆ ಸಹಾಯ ಮಾಡಲು ನಾನೂ ಕುಳಿತಿದ್ದೆ. ಒಣಮೀನು ಮಾರುವ ಒಬ್ಬ ಅಮ್ಮ ಶಿರೂರು ಕಡೆಯಿಂದ ಬೆಳಗಿನ ಬಸ್ಸಿಗೇ ಬಂದಿದ್ದರು. ಅವರ ಸರದಿ ಬರುವಾಗ ಮಧ್ಯಾಹ್ನ. ಪಡಿತರ ಚೀಟಿ ಸಂಖ್ಯೆ ಹಾಕಿ ಆಯ್ತು. ಮೊಬೈಲಿಗೆ ಬಂದ ಒಟಿಪಿ ಬೇಕು. ಮೊಬೈಲ್ ಇದ್ದದ್ದು ಮಗನ ಹತ್ತಿರ, ಮಗ ಹೊರಗೆ ಜಗಲಿಯಲ್ಲಿ. ಅವನನ್ನು ಕರೆದು, ಮೆಸೇಜು ಹುಡುಕಿ, ಸಂಖ್ಯೆ ಓದಿಸುವಷ್ಟರಲ್ಲಿ ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಗುಂಡಿ ಒತ್ತಿದೆವು. ಎದ್ದಿತು, ಆದರೆ ಇಂಟರ್‌ನೆಟ್ ಕಡಿದಿತ್ತು. ಅದು ಸೇರಿಕೊಳ್ಳುವಾಗ ಪುಟ ಹೊರಗೆ ಹಾಕಿತ್ತು. ಮತ್ತೆ ಮೊದಲಿನಿಂದ. ಎರಡನೇ ಸಲವೂ ಹಾಗೇ ಆಯಿತು.

"ನಮ್ಮ್ ಮಾತ್ ಮುಗುಕೂ ಮುಂಚೆ ಇದ್ ಮಲ್ಕಂತಲ್ಲ ಮಗಾ!" ಎಂದರು ಆ ಅಮ್ಮ. ನಗುತ್ತಲೇ ಹೇಳಿದರು. ಆದರೆ ಆ ದಿನದ ಅವರ ವ್ಯಾಪಾರ ಹೋಗಿತ್ತು. ಮೂರನೇ ಸಲ ಹಾಕುವಾಗ ಕರೆಂಟೂ ಹೋಯಿತು, ಮರುದಿನ ಪುನಃ ಬನ್ನಿ ಎನ್ನಬೇಕಾಯಿತು. ಎರಡು ದಿನದ ಬಸ್ ಚಾರ್ಜು, ಎರಡು ದಿನದ ಸಂಪಾದನೆ ಒಟ್ಟಿಗೆ ನಷ್ಟ.

ಅಂಗಡಿಗೆ ಕೇಳಿದಾಗ "ಬ್ಯಾಟರಿ ಬದಲಿಸಬೇಕು" ಎಂದಿದ್ದರು. ನಿಜವಾದ ಕಾರಣ ಬೇರೆಯೇ ಇತ್ತು, ಅದನ್ನು ಸರಿಪಡಿಸಲು ಒಂದು ರೂಪಾಯಿಯೂ ಬೇಕಾಗಲಿಲ್ಲ. ಕಾರಣ ಏನೆಂದು ಮುಂದೆ ಹೇಳುತ್ತೇನೆ. ಸ್ವಸಹಾಯ ಸಂಘದ ಲೆಕ್ಕಪತ್ರ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ, ಪಹಣಿ, ಪಿಂಚಣಿ ಎಲ್ಲವೂ ಇಂದು ಕಂಪ್ಯೂಟರಿನ ಮೇಲೆ ನಿಂತಿದೆ. ಆದ್ದರಿಂದ ಈ ಸಣ್ಣ ವಿಷಯವನ್ನು ನಾವೇ ತಿಳಿದುಕೊಂಡಿರುವುದು ಒಳ್ಳೆಯದು.

ಪಾಠ 1: ಕಂಪ್ಯೂಟರ್ ಯಾಕೆ ಮಲಗುತ್ತದೆ?

ಕಂಪ್ಯೂಟರಿಗೆ ನಮ್ಮ ಮುಖ ಕಾಣುವುದಿಲ್ಲ. (ಮುಖ ಗುರುತಿಸುವ ಹೊಸ ಯಂತ್ರಗಳ ಮಾತು ಬೇರೆ.) ಕೀಲಿಮಣೆ ಒತ್ತಿದರೆ, ಮೌಸ್ ಅಲುಗಿದರೆ ಮಾತ್ರ 'ಮನುಷ್ಯರು ಇದ್ದಾರೆ' ಎಂದು ಅದು ತಿಳಿಯುತ್ತದೆ. ನಾವು ಎದುರಿಗೇ ಕುಳಿತು ಪಾಸ್‌ಬುಕ್ ನೋಡುತ್ತಿದ್ದರೂ, ಯಾರ ಹತ್ತಿರವೋ ಮಾತಾಡುತ್ತಿದ್ದರೂ ಅದರ ಲೆಕ್ಕದಲ್ಲಿ ನಾವು ಎದ್ದು ಹೋದ ಹಾಗೆ. ನಿಗದಿ ಮಾಡಿದ ನಿಮಿಷ ಕಳೆದ ಕೂಡಲೇ ಮಲಗುತ್ತದೆ. ವಿಡಿಯೋ ಓಡುತ್ತಿರುವಾಗ ಹೆಚ್ಚಾಗಿ ಮಲಗುವುದಿಲ್ಲ, ಯಾಕೆಂದರೆ ಆ ಪ್ರೋಗ್ರಾಮು 'ಈಗ ಮಲಗಬೇಡ' ಎಂದು ಯಂತ್ರಕ್ಕೆ ಹೇಳಿರುತ್ತದೆ. ಆದರೆ ಒಂದು ಕಾಗದಪತ್ರ ತೆರೆದಿಟ್ಟು ಓದಿ ಹೇಳುತ್ತಿದ್ದರೆ ಹಾಗೆ ಹೇಳುವವರು ಯಾರೂ ಇಲ್ಲ.

ಈ ವ್ಯವಸ್ಥೆ ತೊಂದರೆ ಕೊಡಲು ಮಾಡಿದ್ದಲ್ಲ. ಯಾರೂ ಉಪಯೋಗಿಸದ ಕಂಪ್ಯೂಟರುಗಳು ಇಡೀ ದಿನ ವಿದ್ಯುತ್ ತಿನ್ನುವುದನ್ನು ಕಂಡು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1992ರಲ್ಲಿ 'ಎನರ್ಜಿ ಸ್ಟಾರ್' ಗುರುತು ತಂದಿತು. ಕಂಪ್ಯೂಟರು ಮತ್ತು ಮಾನಿಟರುಗಳೇ ಆ ಗುರುತು ಪಡೆದ ಮೊದಲ ವಸ್ತುಗಳು. 1996ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಶಿಬಾ ಕಂಪೆನಿಗಳು ಸೇರಿ, ಯಂತ್ರ ಹೇಗೆ ಮಲಗಬೇಕು, ಹೇಗೆ ಏಳಬೇಕು ಎಂಬುದಕ್ಕೆ ಒಂದೇ ರೀತಿಯ ನಿಯಮ ಮಾಡಿದವು. ಇಂದಿನ ಕಂಪ್ಯೂಟರುಗಳು ಆ ನಿಯಮದ ಮುಂದುವರಿದ ರೂಪವನ್ನೇ ಪಾಲಿಸುತ್ತವೆ.

ಪಾಠ 2: ಎಲ್ಲ ಕಪ್ಪು ಪರದೆಯೂ ನಿದ್ದೆಯಲ್ಲ

ವೈದ್ಯರು ಮೊದಲು ಜ್ವರ ಯಾವುದು ಎಂದು ನೋಡುತ್ತಾರೆ, ನಂತರ ಮದ್ದು ಕೊಡುತ್ತಾರೆ. ಇಲ್ಲಿಯೂ ಹಾಗೇ. ಪರದೆ ಕಪ್ಪಾಗುವುದಕ್ಕೆ ಐದು ಬೇರೆ ಬೇರೆ ಕಾರಣಗಳಿವೆ.

1. ಪರದೆ ಮಾತ್ರ ಆರುವುದು: ಯಂತ್ರ ಎಚ್ಚರವಾಗಿಯೇ ಇದೆ, ದೀಪ ಮಾತ್ರ ಆರಿದೆ. ಮೌಸ್ ಅಲುಗಿಸಿದ ಕ್ಷಣವೇ ಬೆಳಕು ಬರುತ್ತದೆ. ಇಂಟರ್‌ನೆಟ್ ಕಡಿದಿರುವುದಿಲ್ಲ.

2. ನಿದ್ದೆ, ಅಂದರೆ ಸ್ಲೀಪ್: ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಟ್ಟ ಹಾಗೆ. ನಾವು ಮಾಡುತ್ತಿದ್ದ ಕೆಲಸ 'ರ‍್ಯಾಮ್' ಎಂಬ ನೆನಪಿನಲ್ಲಿ ಇರುತ್ತದೆ. ಅದನ್ನು ಉಳಿಸಿಕೊಳ್ಳಲು ಸ್ವಲ್ಪ ಕರೆಂಟು ಬೇಕು. ಹಲವು ಯಂತ್ರಗಳಲ್ಲಿ ಪವರ್ ದೀಪ ನಿಧಾನಕ್ಕೆ ಮಿನುಗುತ್ತದೆ. ಗುಂಡಿ ಒತ್ತಿದರೆ ಕೆಲವೇ ಸೆಕೆಂಡಿನಲ್ಲಿ ಏಳುತ್ತದೆ.

3. ಗಾಢ ನಿದ್ದೆ, ಅಂದರೆ ಹೈಬರ್ನೇಟ್: ಕೆಲಸವನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟು ದೀಪ ಆರಿಸಿ ಮಲಗಿದ ಹಾಗೆ. ಎಲ್ಲವೂ ಡಿಸ್ಕಿನಲ್ಲಿ ಇರುತ್ತದೆ, ಕರೆಂಟು ಬೇಡ. ಎಬ್ಬಿಸಲು ಪವರ್ ಗುಂಡಿಯನ್ನೇ ಒತ್ತಬೇಕು, ಏಳುವುದು ಸ್ವಲ್ಪ ತಡ. ಆದರೆ ತೆರೆದಿಟ್ಟ ಕೆಲಸ ಹಾಗೇ ಸಿಗುತ್ತದೆ.

4. ಬೀಗ, ಅಂದರೆ ಲಾಕ್: ಯಂತ್ರ ಎಚ್ಚರವಾಗಿದೆ, ಪಾಸ್‌ವರ್ಡ್ ಕೇಳುತ್ತದೆ ಅಷ್ಟೇ.

5. ಪೂರ್ತಿ ಆರಿಹೋಗುವುದು: ಎಬ್ಬಿಸಿದರೆ ಮೊದಲಿನಿಂದ ಶುರುವಾಗುತ್ತದೆ, ಉಳಿಸದ ಕೆಲಸ ಇರುವುದಿಲ್ಲ. ಇದು ನಿದ್ದೆಯಲ್ಲ, ರೋಗ. ಇದರ ಮದ್ದು ಬೇರೆ, ಪಾಠ 5 ನೋಡಿ.

ಇದರ ಜೊತೆಗೆ ಆರನೆಯದು ಒಂದಿದೆ. ಅದು ಕಂಪ್ಯೂಟರಿನದ್ದಲ್ಲ, ವೆಬ್‌ಸೈಟಿನದ್ದು. ಬ್ಯಾಂಕಿನ ಪುಟ, ಸರಕಾರಿ ಅರ್ಜಿಯ ಪುಟ ನಾವು ಸುಮ್ಮನೆ ಕುಳಿತರೆ ಕೆಲವು ನಿಮಿಷದಲ್ಲಿ ನಮ್ಮನ್ನು ಹೊರಗೆ ಹಾಕುತ್ತವೆ. ಇದು ನಮ್ಮ ರಕ್ಷಣೆಗಾಗಿ. ಕಂಪ್ಯೂಟರಿನ ನಿದ್ದೆಯ ಸಮಯ ಎಷ್ಟು ಹೆಚ್ಚಿಸಿದರೂ ಆ ಸಮಯ ಹೆಚ್ಚುವುದಿಲ್ಲ. ಆದ್ದರಿಂದ ಅರ್ಜಿ ತೆರೆಯುವ ಮೊದಲೇ ಆಧಾರ್, ಪಡಿತರ ಚೀಟಿ, ಪಾಸ್‌ಬುಕ್, ಒಟಿಪಿ ಬರುವ ಮೊಬೈಲ್ ನಾಲ್ಕನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ಪಾಠ 3: ಸಮಯ ಬದಲಿಸುವುದು ಹೇಗೆ?

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಯಂತ್ರವನ್ನು ಮುಟ್ಟದೆ ಗಡಿಯಾರ ನೋಡುತ್ತಾ ಕುಳಿತುಕೊಳ್ಳಿ. ಎಷ್ಟನೇ ನಿಮಿಷಕ್ಕೆ ಪರದೆ ಆರಿತು, ಎಷ್ಟನೇ ನಿಮಿಷಕ್ಕೆ ಮಲಗಿತು, ಬರೆದಿಟ್ಟುಕೊಳ್ಳಿ. ಎರಡು ಸಲ ಮಾಡಿ. ಎರಡು ಸಲವೂ ಅದೇ ನಿಮಿಷ ಬಂದರೆ ಅದು ಯಾರೋ ನಿಗದಿ ಮಾಡಿದ ಸಮಯ. ಬೇರೆ ಬೇರೆ ಬಂದರೆ ಪಾಠ 4ರ ಕಾರಣಗಳನ್ನು ಹುಡುಕಬೇಕು.

ವಿಂಡೋಸ್ 11 ಇದ್ದರೆ: 'ಸ್ಟಾರ್ಟ್' ಒತ್ತಿ 'ಸೆಟ್ಟಿಂಗ್ಸ್' ತೆರೆಯಿರಿ. 'ಸಿಸ್ಟಮ್' ಒಳಗೆ 'ಪವರ್ ಆಂಡ್ ಬ್ಯಾಟರಿ' ಇದೆ. ಬ್ಯಾಟರಿ ಇಲ್ಲದ ಡೆಸ್ಕ್‌ಟಾಪಿನಲ್ಲಿ ಬರೀ 'ಪವರ್' ಎಂದಿರುತ್ತದೆ. ಅಲ್ಲಿ 'ಸ್ಕ್ರೀನ್' ಮತ್ತು 'ಸ್ಲೀಪ್' ಎಂಬ ಪದಗಳಿರುವ ಸಾಲು ಒತ್ತಿದರೆ ನಿಮಿಷದ ಪಟ್ಟಿಗಳು ತೆರೆಯುತ್ತವೆ.

ವಿಂಡೋಸ್ 10 ಇದ್ದರೆ: 'ಸೆಟ್ಟಿಂಗ್ಸ್', 'ಸಿಸ್ಟಮ್', ನಂತರ 'ಪವರ್ ಆಂಡ್ ಸ್ಲೀಪ್'. (ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕಿನ ಕೆಲಸ ಮಾಡುವ ಯಂತ್ರವಾದರೆ ಈ ವಿಷಯವನ್ನೂ ಸಂಘದಲ್ಲಿ ಯೋಚಿಸಿ.)

ವಿಂಡೋಸ್ 7ರ ಹಳೆ ಯಂತ್ರವಾದರೆ: 'ಕಂಟ್ರೋಲ್ ಪ್ಯಾನೆಲ್', 'ಪವರ್ ಆಪ್ಷನ್ಸ್', ಆಮೇಲೆ 'ಚೇಂಜ್ ಪ್ಲ್ಯಾನ್ ಸೆಟ್ಟಿಂಗ್ಸ್'.

ಉಬುಂಟು ಇದ್ದರೆ: 'ಸೆಟ್ಟಿಂಗ್ಸ್' ಒಳಗೆ 'ಪವರ್'. ಅಲ್ಲಿ 'ಸ್ಕ್ರೀನ್ ಬ್ಲ್ಯಾಂಕ್' ಎಂದರೆ ಪರದೆ ಆರುವ ಸಮಯ, 'ಆಟೋಮ್ಯಾಟಿಕ್ ಸಸ್ಪೆಂಡ್' ಎಂದರೆ ಮಲಗುವ ಸಮಯ.

ಈಗ ಮುಖ್ಯ ಮಾತು. ಲ್ಯಾಪ್‌ಟಾಪಿನಲ್ಲಿ ಪರದೆಗೆ ಎರಡು, ನಿದ್ದೆಗೆ ಎರಡು, ಹೀಗೆ ನಾಲ್ಕು ಸಮಯಗಳು ಇರುತ್ತವೆ. 'ಪ್ಲಗ್ಡ್ ಇನ್' ಎಂದರೆ ಚಾರ್ಜರಿನ ಕರೆಂಟು ಬರುತ್ತಿರುವಾಗ. 'ಆನ್ ಬ್ಯಾಟರಿ' ಎಂದರೆ ಕರೆಂಟು ಇಲ್ಲದಾಗ. ಇವೆರಡೂ ಬೇರೆ ಬೇರೆ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ.

ಆ ದಿನ ಬೈಂದೂರು ಕಡೆ ಆದದ್ದು ಇದೇ. ಕೇಂದ್ರದ ಹುಡುಗ ಜಾಣ, ಅವನು ಮೊದಲೇ 'ಪ್ಲಗ್ಡ್ ಇನ್' ಸಮಯವನ್ನು 30 ನಿಮಿಷ ಮಾಡಿಟ್ಟಿದ್ದ. ಚಾರ್ಜರ್ ಸಿಕ್ಕಿಸಿಯೇ ಇತ್ತು. ಆದರೆ ಗೋಡೆಯ ಸಾಕೆಟ್ ಸಡಿಲ. ಮೇಜು ಅಲುಗಿದರೆ ಕರೆಂಟು ತಪ್ಪುತ್ತಿತ್ತು. ಲ್ಯಾಪ್‌ಟಾಪ್ ಅಂದುಕೊಂಡದ್ದು 'ನಾನು ಬ್ಯಾಟರಿಯ ಮೇಲೆ ಇದ್ದೇನೆ' ಎಂದು. ಬ್ಯಾಟರಿಯ ಸಮಯ ಬರೀ 3 ನಿಮಿಷ ಇತ್ತು. ಸಂಜೆ ಎಲ್ಲರೂ ಹೋದ ಮೇಲೆ ಪರದೆಯ ಮೂಲೆಯ ಬ್ಯಾಟರಿ ಚಿತ್ರವನ್ನು ದಿಟ್ಟಿಸಿ ನೋಡಿದಾಗ ಚಾರ್ಜ್ ಆಗುವ ಗುರುತು ಬಂದು ಹೋಗಿ ಮಾಡುತ್ತಿತ್ತು. ಮರುದಿನ ಚಾರ್ಜರನ್ನು ಬೇರೆ ಸಾಕೆಟ್ಟಿಗೆ ಹಾಕಿ, ಬ್ಯಾಟರಿಯ ಸಮಯವನ್ನು 15 ನಿಮಿಷ ಮಾಡಿದೆವು. ಆ ಅಮ್ಮನ ಅರ್ಜಿ ಮೊದಲ ಸಲಕ್ಕೇ ಹೋಯಿತು.

ಹಾಗಾಗಿ ಚಾರ್ಜರ್ ಸಿಕ್ಕಿಸಿದರೆ ಸಾಲದು, ಕರೆಂಟು ಬರುತ್ತಿದೆಯೇ ಎಂದು ಬ್ಯಾಟರಿ ಚಿತ್ರದಲ್ಲಿ ನೋಡಿ.

ಪಾಠ 4: ಸಮಯ ಹೆಚ್ಚಿಸಿದರೂ ಮಲಗುತ್ತದೆಯೇ?

ಕೆಳಗಿನವನ್ನು ಒಂದೊಂದಾಗಿ ನೋಡಿ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ.

ಅ) ಮುಚ್ಚಳದ ಅಯಸ್ಕಾಂತ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ ಎಂದು ಯಂತ್ರಕ್ಕೆ ತಿಳಿಯುವುದು ಹೆಚ್ಚಾಗಿ ಒಂದು ಸಣ್ಣ ಅಯಸ್ಕಾಂತ ಮತ್ತು ಅದನ್ನು ಗುರುತಿಸುವ ಬಿಡಿಭಾಗದಿಂದ. ಅಯಸ್ಕಾಂತ ಇರುವ ಮೊಬೈಲ್ ಕವರನ್ನು ಕೀಲಿಮಣೆಯ ಪಕ್ಕ ಇಟ್ಟರೂ ಮುಚ್ಚಳ ಮುಚ್ಚಿತು ಎಂದು ಅದು ಮೋಸ ಹೋಗುತ್ತದೆ. ಒಂದು ಲ್ಯಾಪ್‌ಟಾಪ್ ಮೇಲೆ ಇನ್ನೊಂದು ಇಟ್ಟರೂ ಹೀಗಾಗಬಹುದು. ಬ್ರಹ್ಮಾವರ ಕಡೆಯ ಒಂದು ತರಬೇತಿಯಲ್ಲಿ ಒಬ್ಬ ಅಕ್ಕ ಎಡಗೈ ಪಕ್ಕ ಮೊಬೈಲ್ ಇಟ್ಟ ಕೂಡಲೇ ಯಂತ್ರ ಮಲಗುತ್ತಿತ್ತು. "ನನ್ನ ಕೈಗುಣವೇ ಸರಿ ಇಲ್ಲ" ಎಂದು ಬೇಜಾರು ಮಾಡಿಕೊಂಡಿದ್ದರು. ಮೊಬೈಲನ್ನು ಚೀಲಕ್ಕೆ ಹಾಕಿದ ಮೇಲೆ ತೊಂದರೆ ಬರಲಿಲ್ಲ.

ಆ) ನಿದ್ದೆಯ ಗುಂಡಿ. ಕೆಲವು ಕೀಲಿಮಣೆಗಳಲ್ಲಿ ಅರ್ಧಚಂದ್ರದ ಚಿತ್ರ ಇರುವ ಗುಂಡಿ ಇರುತ್ತದೆ. ಗೊತ್ತಿಲ್ಲದೆ ಕೈ ತಾಗಿದರೆ ಯಂತ್ರ ಮಲಗುತ್ತದೆ. ನಮ್ಮ ಕರಾವಳಿಯ ತೇವ ಮತ್ತು ಉಪ್ಪುಗಾಳಿಗೆ ಗುಂಡಿಗಳು ಅಂಟಿಕೊಳ್ಳುವುದೂ ಉಂಟು. ಬೇರೆ ಕೀಲಿಮಣೆ ಹಾಕಿ ಒಂದು ದಿನ ನೋಡಿ. 'ಕಂಟ್ರೋಲ್ ಪ್ಯಾನೆಲ್' ಒಳಗಿನ 'ಪವರ್ ಆಪ್ಷನ್ಸ್'ನಲ್ಲಿ ಈ ಗುಂಡಿ ಒತ್ತಿದರೆ ಏನೂ ಮಾಡಬೇಡ ಎಂದೂ ಇಡಬಹುದು.

ಇ) ಯುಪಿಎಸ್. ಕೆಲವು ಯುಪಿಎಸ್‌ಗಳನ್ನು ಯುಎಸ್‌ಬಿ ತಂತಿಯಲ್ಲಿ ಕಂಪ್ಯೂಟರಿಗೆ ಜೋಡಿಸಿರುತ್ತಾರೆ. ಆಗ ಡೆಸ್ಕ್‌ಟಾಪಿಗೂ 'ಬ್ಯಾಟರಿ' ಬಂದ ಹಾಗೆ. ಕರೆಂಟು ಹೋದ ಕೂಡಲೇ ಬ್ಯಾಟರಿಯ ಸಮಯ ಲಾಗೂ ಆಗುತ್ತದೆ. ಆ ಸಮಯವನ್ನೂ ನೋಡಿ ಸರಿಪಡಿಸಿ.

ಈ) ಸೊರಗಿದ ಬ್ಯಾಟರಿ. ಬ್ಯಾಟರಿ ತೀರಾ ಕೆಳಗೆ ಹೋದರೆ ಕೆಲಸ ಉಳಿಸಲೆಂದು ಯಂತ್ರ ತಾನೇ ಗಾಢ ನಿದ್ದೆಗೆ ಹೋಗುತ್ತದೆ. ಹಳೆಯ ಬ್ಯಾಟರಿ 40 ಶೇಕಡಾ ತೋರಿಸಿ ಒಮ್ಮೆಲೇ 5ಕ್ಕೆ ಇಳಿಯಬಹುದು. ಚಾರ್ಜರ್ ಸರಿಯಾಗಿ ಹಾಕಿಟ್ಟಾಗ ತೊಂದರೆ ಇಲ್ಲ, ತೆಗೆದಾಗ ಮಾತ್ರ ಇದೆ ಎಂದಾದರೆ ಆಗ ಬ್ಯಾಟರಿ ಬದಲಿಸುವ ಮಾತು ಸರಿ.

ಉ) ಉಳಿತಾಯದ ಸಲಹೆ. ವಿಂಡೋಸ್ 11ರಲ್ಲಿ 'ಎನರ್ಜಿ ರೆಕಮೆಂಡೇಷನ್ಸ್' ಎಂಬ ಪುಟ ಇದೆ. ಅಲ್ಲಿ 'ಅಪ್ಲೈ ಆಲ್' ಒತ್ತಿದರೆ ಎಲ್ಲ ಸಮಯಗಳೂ ಒಟ್ಟಿಗೆ ಕಡಿಮೆಯಾಗುತ್ತವೆ. ಯಾರೋ ಒಳ್ಳೆಯ ಮನಸ್ಸಿನಿಂದ ಒತ್ತಿರಬಹುದು.

ಊ) ಅಡಗಿರುವ 2 ನಿಮಿಷ. ವಿಂಡೋಸಿನಲ್ಲಿ ಸಾಮಾನ್ಯ ಪಟ್ಟಿಯಲ್ಲಿ ಕಾಣದ ಇನ್ನೊಂದು ಸಮಯ ಇದೆ. ಅದರ ಹೆಸರು 'ಸಿಸ್ಟಮ್ ಅನ್‌ಅಟೆಂಡೆಡ್ ಸ್ಲೀಪ್ ಟೈಮ್‌ಔಟ್'. ಮನುಷ್ಯರು ಎಬ್ಬಿಸದೆ ಯಂತ್ರ ತಾನಾಗಿ ಎದ್ದರೆ, ಉದಾಹರಣೆಗೆ ನಿಗದಿ ಮಾಡಿದ ಯಾವುದೋ ಕೆಲಸಕ್ಕೆ ಅಥವಾ ನೆಟ್‌ವರ್ಕ್ ಮೂಲಕ ಎದ್ದರೆ, ಸಾಮಾನ್ಯವಾಗಿ 2 ನಿಮಿಷದಲ್ಲಿ ಅದು ಪುನಃ ಮಲಗುತ್ತದೆ. ನೀವು 30 ನಿಮಿಷ ಇಟ್ಟಿದ್ದರೂ ಸರಿಯಾಗಿ ಎರಡೇ ನಿಮಿಷಕ್ಕೆ ಮಲಗುತ್ತಿದ್ದರೆ ಇದನ್ನು ಸಂಶಯಿಸಿ. ಯಂತ್ರ ಎದ್ದ ಮೇಲೆ ಒಂದು ಗುಂಡಿ ಒತ್ತಿ, ಮೌಸ್ ಅಲುಗಿಸಿ, ಆಗ ಸಾಮಾನ್ಯ ಸಮಯವೇ ಲೆಕ್ಕಕ್ಕೆ ಬರುತ್ತದೆ. ಅಷ್ಟಕ್ಕೂ ಆಗದಿದ್ದರೆ ಈ ಹೆಸರನ್ನು ಬರೆದು ತಿಳಿದವರಿಗೆ ಕೊಡಿ. ಅದನ್ನು ಬದಲಿಸಲು ಯಂತ್ರದ ಒಳದಾಖಲೆ ಮುಟ್ಟಬೇಕಾಗುತ್ತದೆ, ಗೊತ್ತಿಲ್ಲದೆ ನಾವು ಕೈ ಹಾಕುವುದು ಬೇಡ.

ಋ) ಕಚೇರಿಯ ನಿಯಮ. ಸರಕಾರಿ ಕಚೇರಿ, ಬ್ಯಾಂಕು, ಶಾಲೆಗಳ ಯಂತ್ರಗಳಲ್ಲಿ ಈ ಸಮಯವನ್ನು ಮೇಲಿನವರು ನಿಗದಿ ಮಾಡಿ ಬೀಗ ಹಾಕಿರಬಹುದು. ಪಟ್ಟಿ ಮಸುಕಾಗಿದ್ದು ಒತ್ತಲು ಬರುವುದಿಲ್ಲ. ಅಂಥಲ್ಲಿ ನಾವು ಅಡ್ಡದಾರಿ ಹುಡುಕುವುದು ಸರಿಯಲ್ಲ. ಸಂಬಂಧಪಟ್ಟವರಿಗೆ ಲಿಖಿತವಾಗಿ ಕೇಳಿಕೊಳ್ಳಿ.

ಕಾರಣವನ್ನು ಕಂಪ್ಯೂಟರಿನ ಹತ್ತಿರವೇ ಕೇಳಬಹುದು! ವಿಂಡೋಸಿನಲ್ಲಿ 'ಈವೆಂಟ್ ವ್ಯೂವರ್' ಎಂಬ ದಿನಚರಿ ಇದೆ. 'ಸ್ಟಾರ್ಟ್' ಒತ್ತಿ ಆ ಹೆಸರು ಬರೆದರೆ ಸಿಗುತ್ತದೆ. ಅದರಲ್ಲಿ 'ವಿಂಡೋಸ್ ಲಾಗ್ಸ್', ನಂತರ 'ಸಿಸ್ಟಮ್'. 'ಕರ್ನಲ್ ಪವರ್' ಎಂಬ ಹೆಸರಿನ ಮುಂದೆ 42 ಎಂಬ ಸಂಖ್ಯೆ ಇದ್ದರೆ ಅದು ಯಂತ್ರ ಮಲಗಿದ ಹೊತ್ತಿನ ದಾಖಲೆ. ಒತ್ತಿ ನೋಡಿದರೆ ಕಾರಣವೂ ಇರುತ್ತದೆ: 'ಸಿಸ್ಟಮ್ ಐಡಲ್' ಎಂದರೆ ಯಾರೂ ಮುಟ್ಟಲಿಲ್ಲ, 'ಬಟನ್ ಆರ್ ಲಿಡ್' ಎಂದರೆ ಗುಂಡಿ ಅಥವಾ ಮುಚ್ಚಳ, 'ಬ್ಯಾಟರಿ' ಎಂದರೆ ಬ್ಯಾಟರಿ. 41 ಎಂಬ ಸಂಖ್ಯೆ ಇದ್ದರೆ ಅದು ನಿದ್ದೆಯಲ್ಲ, ಯಂತ್ರ ಸರಿಯಾಗಿ ಮುಚ್ಚದೆ ಆರಿಹೋಗಿದೆ ಎಂದರ್ಥ. ಈ ಎರಡು ಸಂಖ್ಯೆ ಗೊತ್ತಿದ್ದರೆ ರಿಪೇರಿಯವರ ಹತ್ತಿರ ಧೈರ್ಯವಾಗಿ ಮಾತಾಡಬಹುದು. ಬೇಡದ ಖರ್ಚೂ ತಪ್ಪುತ್ತದೆ.

ಪಾಠ 5: ನಿದ್ದೆಯಲ್ಲ, ರೋಗವಾದರೆ

ದಿನಚರಿಯಲ್ಲಿ 41 ಪದೇ ಪದೇ ಕಂಡರೆ ಮೂರು ವಿಷಯ ನೋಡಿ. ಒಂದು, ಬಿಸಿ. ಗಾಳಿ ಹೋಗುವ ಕಿಂಡಿಯಲ್ಲಿ ಧೂಳು ತುಂಬಿದರೆ ಫ್ಯಾನ್ ತಿರುಗಿಯೂ ಪ್ರಯೋಜನವಿಲ್ಲ. ಒಳಗಿನ ಬಿಸಿ ಹೆಚ್ಚಾದಾಗ ಸುಟ್ಟುಹೋಗದಂತೆ ಯಂತ್ರ ತಾನೇ ಆರುತ್ತದೆ. ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲೆ ಇಡಬೇಡಿ. ಎರಡು, ವೋಲ್ಟೇಜ್. ಪಂಪ್‌ಸೆಟ್ ಶುರುವಾದ ಹೊತ್ತಿಗೆ ಬಲ್ಬು ಮಂಕಾಗಿ ಯಂತ್ರವೂ ಆರಿದರೆ ಅದು ವೋಲ್ಟೇಜಿನ ತೊಂದರೆ. ಯುಪಿಎಸ್ ಬೇಕು, ಇದ್ದರೆ ಅದರ ಬ್ಯಾಟರಿ ನೋಡಬೇಕು. ಮೂರು, ಸಡಿಲ ತಂತಿ ಅಥವಾ ಸಾಕೆಟ್. ಇದಕ್ಕೆ ಎಲೆಕ್ಟ್ರಿಷಿಯನ್ ಸಾಕು.

ಪಾಠ 6: ಎಷ್ಟು ನಿಮಿಷ ಇಟ್ಟರೆ ಒಳ್ಳೆಯದು?

"ಹಾಗಾದ್ರೆ 'ನೆವರ್' ಅಂತ ಇಟ್ಟುಬಿಟ್ರೆ ಆಯ್ತಲ್ಲ, ಮಲಗುವ ಕಥೆಯೇ ಬೇಡ" ಎಂದು ಕೇಳುವವರಿದ್ದಾರೆ. ಬೇಡ. ಎರಡು ಕಾರಣ ಇದೆ.

ಮೊದಲನೆಯದು ವಿದ್ಯುತ್. ಒಂದು ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ 100 ವಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 5 ಗಂಟೆ ಸುಮ್ಮನೆ ಉರಿದರೆ 500 ವಾಟ್ ಗಂಟೆ, ಅಂದರೆ ಅರ್ಧ ಯೂನಿಟ್. ತಿಂಗಳಲ್ಲಿ 26 ದಿನಕ್ಕೆ 13 ಯೂನಿಟ್. ಅದೇ 5 ಗಂಟೆ ಮಲಗಿದ್ದರೆ, 3 ವಾಟ್ ಎಂದು ಲೆಕ್ಕ ಹಾಕಿದರೂ, ಇಡೀ ತಿಂಗಳಿಗೆ ಅರ್ಧ ಯೂನಿಟ್ ಕೂಡ ಆಗುವುದಿಲ್ಲ. ಗೃಹಜ್ಯೋತಿ ಇರುವುದು ಮನೆಗಳಿಗೆ, ಸಂಘದ ಕಚೇರಿಗೆ ಅಲ್ಲ. ನಮ್ಮ ಹೊಸಂಗಡಿಯ ವಾರಾಹಿ ಭೂಗತ ವಿದ್ಯುದಾಗಾರ 460 ಮೆಗಾವ್ಯಾಟಿನದ್ದು. ಅಷ್ಟು ದೊಡ್ಡ ವಿದ್ಯುದಾಗಾರ ನಮ್ಮ ಪಕ್ಕದಲ್ಲೇ ಇದ್ದರೂ ಕರೆಂಟು ಪುಕ್ಕಟೆ ಹುಟ್ಟುವುದಿಲ್ಲ. ಅದರ ಹಿಂದೆ ಮುಳುಗಡೆಯಾದ ಕಾಡು, ಭೂಮಿ ಇದೆ.

ಎರಡನೆಯದು ಗುಟ್ಟು. ಸಂಘದ ಕಂಪ್ಯೂಟರಿನಲ್ಲಿ ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಸಾಲದ ವಿವರ ಎಲ್ಲ ಇರುತ್ತದೆ. ಅದನ್ನು ತೆರೆದಿಟ್ಟು ಚಾಗೆ ಹೋದರೆ ಹಣದ ಪೆಟ್ಟಿಗೆ ತೆರೆದಿಟ್ಟು ಹೋದ ಹಾಗೆ. ಯಾರ ಸಾಲ ಬಾಕಿ ಇದೆ ಎಂಬುದು ಊರಿಗೆ ಗೊತ್ತಾದರೆ ಒಂದು ಹೆಂಗಸಿನ ಮರ್ಯಾದೆ ಹೋಗುತ್ತದೆ. ಎದ್ದು ಹೋಗುವಾಗ ವಿಂಡೋಸ್ ಚಿತ್ರದ ಗುಂಡಿ ಮತ್ತು 'ಎಲ್' ಅಕ್ಷರ ಒಟ್ಟಿಗೆ ಒತ್ತಿ. ಬೀಗ ಬೀಳುತ್ತದೆ, ಕೆಲಸ ಹಾಗೇ ಇರುತ್ತದೆ.

ನಮ್ಮ ಅನುಭವದಲ್ಲಿ ಸರಿ ಕಂಡ ಸಮಯ ಹೀಗಿದೆ. ಕರೆಂಟು ಇರುವಾಗ ಪರದೆ ಆರಲು 10 ನಿಮಿಷ, ಮಲಗಲು 30 ನಿಮಿಷ. ಬ್ಯಾಟರಿಯಲ್ಲಿ ಪರದೆಗೆ 5 ನಿಮಿಷ, ನಿದ್ದೆಗೆ 15 ನಿಮಿಷ. ಅರ್ಜಿ ತುಂಬುವ ನೂಕುನುಗ್ಗಲಿನ ದಿನ ಕರೆಂಟಿನ ಸಮಯವನ್ನು 1 ಗಂಟೆ ಮಾಡಿ, ಸಂಜೆ ಪುನಃ 30ಕ್ಕೆ ತನ್ನಿ.

ಪಾಠ 7: ಗುಡುಗು ಮಿಂಚು ಮತ್ತು ಉಳಿಸದ ಕೆಲಸ

ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನರಿಗೆ ಈ ಪಾಠ ಬಹಳ ಮುಖ್ಯ. ಏಪ್ರಿಲ್, ಮೇ ತಿಂಗಳ ಮತ್ತು ಅಕ್ಟೋಬರಿನ ಗುಡುಗಿಗೆ ನಾವು ಮೊದಲು ಮಾಡುವ ಕೆಲಸ ಪ್ಲಗ್ ತೆಗೆಯುವುದು. ಅದು ಸರಿಯೇ. ಆದರೆ ಡೆಸ್ಕ್‌ಟಾಪ್ ಬರೀ ನಿದ್ದೆಯಲ್ಲಿ ಇರುವಾಗ ಪ್ಲಗ್ ತೆಗೆದರೆ ರ‍್ಯಾಮಿನಲ್ಲಿದ್ದ ಕೆಲಸ ಹೋಗುತ್ತದೆ. ಬೂದಿ ಮುಚ್ಚಿದ ಕೆಂಡಕ್ಕೆ ನೀರು ಹಾಕಿದ ಹಾಗೆ. ನುಡಿಯಲ್ಲಿ ಟೈಪ್ ಮಾಡಿದ ನಿರ್ಣಯ, ಎಕ್ಸೆಲ್‌ನಲ್ಲಿ ಕೂಡಿಸಿದ ಲೆಕ್ಕ ಉಳಿಸಿರದಿದ್ದರೆ ಸಿಗುವುದಿಲ್ಲ.

ಇದಕ್ಕೆಂದೇ ಡೆಸ್ಕ್‌ಟಾಪುಗಳಲ್ಲಿ 'ಹೈಬ್ರಿಡ್ ಸ್ಲೀಪ್' ಎಂಬ ವ್ಯವಸ್ಥೆ ಇದೆ. ಯಂತ್ರ ಮಲಗುವ ಮೊದಲು ಕೆಲಸವನ್ನು ಡಿಸ್ಕಿನಲ್ಲೂ ಬರೆದಿಡುತ್ತದೆ. ಅದು ನಿಮ್ಮ ಯಂತ್ರದಲ್ಲಿ ಇದೆಯೇ, ಚಾಲೂ ಇದೆಯೇ ಎಂದು ತಿಳಿದವರಿಂದ ನೋಡಿಸಿಕೊಳ್ಳಿ. ಸ್ವತಃ ನೋಡುವವರು 'ಕಮಾಂಡ್ ಪ್ರಾಂಪ್ಟ್' ತೆರೆದು ಇಂಗ್ಲಿಷಿನಲ್ಲಿ ಪಿ, ಓ, ಡಬ್ಲ್ಯು, ಇ, ಆರ್, ಸಿ, ಎಫ್, ಜಿ ಎಂಬ ಎಂಟು ಅಕ್ಷರ ಸೇರಿಸಿ ಬರೆದು, ಒಂದು ಖಾಲಿ ಜಾಗ ಬಿಟ್ಟು, ಓರೆಗೆರೆ ಮತ್ತು ಎ ಬರೆದು ಎಂಟರ್ ಒತ್ತಿದರೆ, ಆ ಯಂತ್ರಕ್ಕೆ ಯಾವ ಯಾವ ನಿದ್ದೆ ಬರುತ್ತದೆ ಎಂಬ ಪಟ್ಟಿ ಸಿಗುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡ ಮದ್ದು ಒಂದೇ. ಹತ್ತು ಸಾಲು ಬರೆದ ಮೇಲೆ 'ಕಂಟ್ರೋಲ್' ಮತ್ತು 'ಎಸ್' ಒಟ್ಟಿಗೆ ಒತ್ತಿ ಉಳಿಸಿ. ಎದ್ದು ಹೋಗುವ ಮೊದಲು ಉಳಿಸಿ. ಮೋಡ ಕಪ್ಪಾದರೆ ಉಳಿಸಿ, ಮುಚ್ಚಿ, ಪ್ಲಗ್ ತೆಗೆಯಿರಿ.

ಕೇಳುವ ಪ್ರಶ್ನೆಗಳು

ಪ್ರಶ್ನೆ: ಪದೇ ಪದೇ ಮಲಗಿ ಏಳುವುದರಿಂದ ಯಂತ್ರ ಹಾಳಾಗುತ್ತದಾ?
ಉತ್ತರ: ಇಲ್ಲ. ಅದಕ್ಕಾಗಿಯೇ ತಯಾರು ಮಾಡಿದ್ದು. ಕರೆಂಟು ಹೊಡೆದು ಹೊಡೆದು ಆರುವುದೇ ಹೆಚ್ಚು ಹಾನಿ.

ಪ್ರಶ್ನೆ: ರಾತ್ರಿ ಮನೆಗೆ ಹೋಗುವಾಗ ಮಲಗಿಸಿ ಹೋಗಬಹುದಾ?
ಉತ್ತರ: ಕಚೇರಿಯಲ್ಲಿ ಪೂರ್ತಿ ಮುಚ್ಚಿ, ಸ್ವಿಚ್ ಆರಿಸಿಯೇ ಹೋಗಿ. ಮಳೆಗಾಲದಲ್ಲಂತೂ ಪ್ಲಗ್ ಕೂಡ ತೆಗೆಯಿರಿ.

ಪ್ರಶ್ನೆ: ಮಲಗಿಸಿ ಚೀಲಕ್ಕೆ ಹಾಕಿದ ಲ್ಯಾಪ್‌ಟಾಪ್ ಬಿಸಿಯಾಗಿತ್ತು, ಯಾಕೆ?
ಉತ್ತರ: ಈಗಿನ ಹಲವು ಲ್ಯಾಪ್‌ಟಾಪುಗಳ ನಿದ್ದೆ ಮೊಬೈಲಿನ ಹಾಗೆ, ಪರದೆ ಆರಿದರೂ ಒಳಗೆ ಅರೆ ಎಚ್ಚರ. ನಡುವೆ ಎದ್ದು ಕೆಲಸ ಮಾಡಬಹುದು. ಬಸ್ಸಿನಲ್ಲಿ ಕೊಂಡುಹೋಗುವಾಗ ಹೈಬರ್ನೇಟ್ ಮಾಡಿ ಅಥವಾ ಮುಚ್ಚಿಯೇ ಹೋಗಿ.

ಪ್ರಶ್ನೆ: ಗುಂಡಿ ಒತ್ತಿದರೂ ಏಳುವುದಿಲ್ಲ, ಏನು ಮಾಡುವುದು?
ಉತ್ತರ: ಪವರ್ ಗುಂಡಿಯನ್ನು ಒಮ್ಮೆ ಮೆಲ್ಲಗೆ ಒತ್ತಿ ಅರ್ಧ ನಿಮಿಷ ಕಾಯಿರಿ. ತುಂಬಾ ಹೊತ್ತು ಒತ್ತಿ ಹಿಡಿದರೆ ಪೂರ್ತಿ ಆರುತ್ತದೆ, ಉಳಿಸದ ಕೆಲಸ ಹೋಗುತ್ತದೆ. ಅದು ಕೊನೆಯ ಉಪಾಯ ಮಾತ್ರ.

ಸಂಘದ ಸಭೆಯಲ್ಲಿ ಮಾಡಿ ನೋಡಲು

1. ನಿಮ್ಮ ಕಂಪ್ಯೂಟರ್ ಎಷ್ಟನೇ ನಿಮಿಷಕ್ಕೆ ಮಲಗುತ್ತದೆ ಎಂದು ಗಡಿಯಾರ ಹಿಡಿದು ನೋಡಿ, ಸಂಘದ ಪುಸ್ತಕದಲ್ಲಿ ಬರೆಯಿರಿ.

2. ಪರದೆ ಆರುವುದು, ನಿದ್ದೆ, ಗಾಢ ನಿದ್ದೆ, ಬೀಗ ಇವುಗಳ ವ್ಯತ್ಯಾಸವನ್ನು ಒಬ್ಬ ಸದಸ್ಯೆ ಇನ್ನೊಬ್ಬರಿಗೆ ಹೇಳಿಕೊಡಲಿ.

3. ಚಾರ್ಜರ್ ತೆಗೆದು ಹಾಕಿ ಮಾಡಿ, ಬ್ಯಾಟರಿ ಚಿತ್ರ ಹೇಗೆ ಬದಲಾಗುತ್ತದೆ ಎಂದು ಎಲ್ಲರೂ ನೋಡಿ.

4. ಈ ಕೆಲಸ ಕಲಿತವರು ಕನಿಷ್ಠ ಇಬ್ಬರಿರಲಿ. ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಅವರು ಬಾರದ ದಿನ ಎಲ್ಲರ ಕೆಲಸವೂ ನಿಲ್ಲುತ್ತದೆ.

ಕೊನೆಗೆ ಒಂದು ಮಾತು. ಸೇವಾ ಕೇಂದ್ರದಲ್ಲಿ ಕುಳಿತವರಿಗೆ ಐದು ನಿಮಿಷ ಹೋದರೆ ಐದೇ ನಿಮಿಷ. ಎದುರು ನಿಂತವರಿಗೆ ಅದೇ ಐದು ನಿಮಿಷಕ್ಕೆ ಬಸ್ಸು ತಪ್ಪುತ್ತದೆ, ಒಂದು ದಿನದ ಕೂಲಿ ತಪ್ಪುತ್ತದೆ. ಆ ಅಮ್ಮ ಮರುದಿನ ಅರ್ಜಿ ಹೋದ ಮೇಲೆ ರಸೀದಿಯನ್ನು ಮಡಚಿ ಸೆರಗಿನಲ್ಲಿ ಗಂಟು ಹಾಕಿಕೊಂಡು, "ಇವತ್ ಮಲ್ಕಣ್ಲಿಲ್ಯಲೆ" ಎಂದು ನಗುತ್ತಾ ಹೋದರು. ಮಧ್ಯಾಹ್ನದ ಮೊದಲೇ ಬಸ್ಸು ಸಿಕ್ಕಿತು. ಇನ್ನೊಬ್ಬರಿಗೆ ಅಂಥ ಎರಡನೇ ದಿನ ಬಾರದಿರಲಿ. ಇಂದೇ ನಿಮ್ಮ ಯಂತ್ರದ ನಾಲ್ಕು ಸಮಯಗಳನ್ನೂ ತೆರೆದು ನೋಡಿ.